ಯೂರಿಕ್ ಆಸಿಡ್ ಅಲ್ಲದ ಹರಳು: ಒಂದು ಮಂಡಿ ಊತದ ಪ್ರಕರಣ

ಡಿಸೆಂಬರ್ ತಿಂಗಳು, ಅಡಿಕೆ ಕೊಯ್ಲಿನ ಗಡಿಬಿಡಿ. ಬೆಳಗ್ಗೆ ಎಂಟೂವರೆಗೆ ಜೀಪೊಂದು ಬಂದು ನಿಂತಿತು. ಮಗ ಮತ್ತು ಭಾವಮೈದ ಸೇರಿ ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿಕೊಂಡು ಒಳಗೆ ತಂದರು. ಬಲಗಾಲಿನ ಕೆಳಗೆ ದಿಂಬು. ಕುರ್ಚಿ ನೆಲ ಮುಟ್ಟುವಾಗ ಆದ ಸಣ್ಣ ಅಲುಗಾಟಕ್ಕೂ ಆಕೆ ಹಲ್ಲು ಕಚ್ಚಿಕೊಂಡರು.

ವಯಸ್ಸು 54. ಮಲೆನಾಡಿನ ಒಂದು ಹಳ್ಳಿ, ನಾಲ್ಕು ಎಕರೆ ತೋಟ. ಮೂರು ವಾರದಿಂದ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.) ಹಿಂದಿನ ರಾತ್ರಿ ಮಲಗುವಾಗ ಮಂಡಿಗೆ ಏನೂ ಆಗಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ನೋವಿಗೇ ಎಚ್ಚರವಾಯಿತು. ಬೆಳಕು ಹರಿಯುವಷ್ಟರಲ್ಲಿ ಮಂಡಿಚಿಪ್ಪು ಎಲ್ಲಿದೆ ಎಂದು ಗೊತ್ತಾಗದಷ್ಟು ಊದಿತ್ತು. ಮುಟ್ಟಿದರೆ ಕಾದ ಕಾವಲಿಯ ಹಾಗೆ ಬಿಸಿ. ಮೈಯಲ್ಲೂ ಜ್ವರ, 100.6.

"ಯೂರಿಕ್ ಆಸಿಡ್ ಡಾಕ್ಟ್ರೇ" ಎಂದ ಮಗ, ನಾನು ಕೇಳುವ ಮೊದಲೇ. "ಎರಡು ವರ್ಷದಿಂದ ಮಾತ್ರೆ ತಗೊಳ್ತಿದಾರೆ. ಬೇಳೆ ಬಿಟ್ಟಿದಾರೆ, ಟೊಮೆಟೊ ಬಿಟ್ಟಿದಾರೆ, ಬಸಳೆ ಮುಟ್ಟಲ್ಲ. ಆದ್ರೂ ಇದು ನಾಲ್ಕನೇ ಸಲ."

ಎರಡು ವರ್ಷ ಸರಿಯಾದ ಮಾತ್ರೆ, ಇಷ್ಟು ಕಟ್ಟುನಿಟ್ಟಿನ ಪಥ್ಯ, ಆದರೂ ನಾಲ್ಕನೇ ಸಲ ಎಂದರೆ ಎರಡರಲ್ಲೊಂದು. ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ, ಇಲ್ಲವೇ ಕಾಯಿಲೆಯ ಹೆಸರೇ ತಪ್ಪು. ಆಕೆ ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ.

ಮಗ ತಂದಿದ್ದ ಪ್ಲಾಸ್ಟಿಕ್ ಕವರನ್ನು ಆಮೇಲೆ ಬಿಚ್ಚೋಣವೆಂದು ಪಕ್ಕಕ್ಕಿಟ್ಟೆ. ಒಂದೇ ಕೀಲು, ರಾತ್ರೋರಾತ್ರಿ ಊತ, ಜೊತೆಗೆ ಜ್ವರ: ಇಂಥಲ್ಲಿ ಮೊದಲು ಹೆದರಬೇಕಾದದ್ದು ಕೀಲಿನೊಳಗೆ ಕೀವು ತುಂಬಿದೆಯೋ ಎಂದು. ಬ್ಯಾಕ್ಟೀರಿಯಾ ಸೇರಿಕೊಂಡ ಮಂಡಿಯನ್ನು ಎರಡು ಮೂರು ದಿನ ಹಾಗೇ ಬಿಟ್ಟರೆ ಕೀಲಿನ ಮೃದ್ವಸ್ಥಿ, ಅಂದರೆ ಮೂಳೆತುದಿಯ ಮೆತ್ತನೆ ಹೊದಿಕೆ, ಕರಗಿಹೋಗುತ್ತದೆ. ಪ್ರಾಣಕ್ಕೂ ಸಂಚಕಾರ. ಅದು ಹೌದೋ ಅಲ್ಲವೋ ಎಂದು ಹೇಳಬಲ್ಲದ್ದು ಮಂಡಿಯೊಳಗಿನ ನೀರು ಮಾತ್ರ. ರಕ್ತಪರೀಕ್ಷೆ ಹೇಳುವುದಿಲ್ಲ, ಎಕ್ಸ್‌ರೇಯೂ ಹೇಳುವುದಿಲ್ಲ.

ನೀರು ತೆಗೆಯಬೇಕು ಎಂದಾಗ ಆಕೆ ಬೇಡವೆಂದರು. "ಒಂದ್ಸಲ ತೆಗೆದ್ರೆ ಮತ್ತೆ ಮತ್ತೆ ತೆಗೆಸ್ಬೇಕಾಗುತ್ತಂತೆ. ಮಂಡಿಯ ಎಣ್ಣೆ ಹೋಗ್ಬಿಡುತ್ತಂತಲ್ಲ." ಈ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂದರೆ, ವಾರಕ್ಕೊಮ್ಮೆಯಾದರೂ ಉತ್ತರ ಕೊಡಬೇಕಾಗುತ್ತದೆ. ಮತ್ತೆ ನೀರು ತುಂಬುವುದು ಕಾಯಿಲೆ ಉಳಿದಿರುವುದರಿಂದ, ಸೂಜಿ ಹಾಕಿದ್ದರಿಂದಲ್ಲ. ಊದಿದ ಮಂಡಿಯ ನೀರು ಎಣ್ಣೆಯೂ ಅಲ್ಲ. ಅದರ ತುಂಬ ಉರಿಯೂತದ ಕಣಗಳಿರುತ್ತವೆ, ಅದು ಹೊರಗೆ ಬಂದಷ್ಟೂ ನೋವು ಇಳಿಯುತ್ತದೆ. ಇದನ್ನು ಹೇಳಿದೆ. ಆಕೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು "ಆಯ್ತು, ತೆಗೀರಿ" ಎಂದರು.

ಚರ್ಮ ಮರಗಟ್ಟಿಸಿ, ಮಂಡಿಚಿಪ್ಪಿನ ಹೊರ ಅಂಚಿನಿಂದ ಸೂಜಿ ಹಾಕಿದೆ. 45 ಮಿಲಿ ಬಂತು. ಆರೋಗ್ಯವಾಗಿರುವ ಮಂಡಿಯಲ್ಲಿ ನಾಲ್ಕು ಮಿಲಿಯೂ ಇರುವುದಿಲ್ಲ. ಇದ್ದಷ್ಟೂ ತಿಳಿಯಾಗಿ, ಲೋಳೆಯ ಎಳೆಯಂತೆ ಬರುತ್ತದೆ. ಇದು ಅಕ್ಕಚ್ಚಿಗೆ ಚಿಟಿಕೆ ಅರಿಶಿನ ಕದಡಿದಂತೆ ಇತ್ತು. ಸಿರಿಂಜಿನ ಹಿಂದೆ ದಿನಪತ್ರಿಕೆ ಹಿಡಿದು ನೋಡಿದೆ, ಅಕ್ಷರ ಓದಲಾಗಲಿಲ್ಲ. ಅಕ್ಷರ ಕಾಣದಷ್ಟು ಕದಡಿದ್ದರೆ ಒಳಗೆ ಬಿಳಿ ರಕ್ತಕಣ ತುಂಬಿದೆ ಎಂದರ್ಥ. ಸಿರಿಂಜು ತುಂಬುತ್ತ ಬಂದ ಹಾಗೆ ಆಕೆಯ ಮುಖದ ಬಿಗಿ ಸಡಿಲವಾದದ್ದನ್ನು ಮಗನೂ ಗಮನಿಸಿದ.

ನೀರನ್ನು ಮೂರು ಪಾಲು ಮಾಡಿದೆವು. ಒಂದು, ಬ್ಯಾಕ್ಟೀರಿಯಾ ಬೆಳೆಯುತ್ತದೋ ಎಂದು ನೋಡುವ ಕಲ್ಚರ್ ಬಾಟಲಿಗೆ, ಒಂದು ಕಣ ಎಣಿಸಲು ನೇರಳೆ ಮುಚ್ಚಳದ ಟ್ಯೂಬಿಗೆ, ಒಂದು ಹನಿ ಶುಭ್ರ ಗಾಜಿನ ಮೇಲೆ. ಘನ ಮಿಲಿಮೀಟರಿಗೆ 32,400 ಬಿಳಿಕಣ, ಅದರಲ್ಲಿ ಶೇ. 90 ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ ಎದ್ದು ಕಾಣಿಸುವ ಗ್ರಾಂ ಎಂಬ ಬಣ್ಣ ಹಾಕಿ ನೋಡಿದಾಗ ಬ್ಯಾಕ್ಟೀರಿಯಾ ಕಾಣಲಿಲ್ಲ. 50,000 ದಾಟಿದರೆ ಸೋಂಕಿನ ಅನುಮಾನ ಬಲವಾಗುತ್ತದೆ ಎಂಬ ಲೆಕ್ಕವಿದೆ. ಆದರೆ ಈ ಗೆರೆಯನ್ನು ಬಲವಾಗಿ ನಂಬಬಾರದು, ಎರಡೂ ಕಡೆ ಅಪವಾದಗಳಿವೆ. ಕಲ್ಚರ್ ವರದಿಗೆ ಎರಡು ದಿನ ಕಾಯಲೇಬೇಕು.

ಇನ್ನು ಗಾಜಿನ ಮೇಲಿನ ಆ ಒಂದು ಹನಿ. ನಮ್ಮದು ಸಣ್ಣ ಲ್ಯಾಬ್. ಕೀಲಿನ ಹರಳು ನೋಡಲೆಂದೇ ಮಾಡಿದ ದುಬಾರಿ ಸೂಕ್ಷ್ಮದರ್ಶಕ ಇಲ್ಲ. ಲ್ಯಾಬಿನ ಹುಡುಗ ಪೋಲರೈಸಿಂಗ್ ಹಾಳೆಯ, ಅಂದರೆ ಬೆಳಕಿನ ಅಲೆಯನ್ನು ಒಂದೇ ದಿಕ್ಕಿಗೆ ಸೋಸುವ ಹಾಳೆಯ, ಎರಡು ತುಂಡು ಕತ್ತರಿಸಿ ಇಟ್ಟುಕೊಂಡಿದ್ದಾನೆ. ಒಂದನ್ನು ಬೆಳಕಿನ ಮೇಲೆ, ಇನ್ನೊಂದನ್ನು ಕಣ್ಣುಗಾಜಿನಲ್ಲಿ ಇಡುತ್ತಾನೆ. ಪಾರದರ್ಶಕ ಸೆಲ್ಲೋಫೇನ್ ಟೇಪನ್ನು ಪದರವಾಗಿ ಗಾಜಿಗೆ ಅಂಟಿಸಿ ಮಾಡಿಕೊಂಡ ಒಂದು ಪಟ್ಟಿಯೂ ಇದೆ. ಅದನ್ನು ನಡುವೆ ತೂರಿಸಿದರೆ ಹಿನ್ನೆಲೆ ಕೆನ್ನೇರಳೆಯಾಗುತ್ತದೆ, ಹರಳುಗಳು ಹಳದಿಯಾಗಿಯೋ ನೀಲಿಯಾಗಿಯೋ ಎದ್ದು ಕಾಣುತ್ತವೆ.

ನಾನು ಮೊದಲು ಮಾಮೂಲಿ ಬೆಳಕಿನಲ್ಲೇ ನೋಡಿದೆ. ಕಾರಣವಿದೆ. ಗೌಟಿನ, ಅಂದರೆ ಯೂರಿಕ್ ಆಸಿಡ್‌ನಿಂದ ಬರುವ ಕೀಲುಬೇನೆಯ, ಯೂರೇಟ್ ಹರಳು ಸೂಜಿಯ ಹಾಗೆ ಉದ್ದ, ಚೂಪು. ಪೋಲರೈಸ್ ಮಾಡಿದ ಬೆಳಕಿನಲ್ಲಿ ಕತ್ತಲಲ್ಲಿ ಗೀರಿದ ಕಡ್ಡಿಯಂತೆ ಹೊಳೆಯುತ್ತದೆ, ತಪ್ಪಿಸಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಹರಳು ಹೊಳೆಯುವುದು ಮಂಕಾಗಿ, ಎಷ್ಟೋ ಹರಳು ಹೊಳೆಯುವುದೇ ಇಲ್ಲ. ಹೊಳಪನ್ನೇ ನಂಬಿ ಹುಡುಕಿದವರು 'ಹರಳು ಇಲ್ಲ' ಎಂದು ಬರೆದು ಕಳಿಸುತ್ತಾರೆ. ಕಣ್ಣು ಹೊಂದಿಸಿಕೊಂಡು ಐದಾರು ನಿಮಿಷ ಹುಡುಕಿದ ಮೇಲೆ ಸಿಕ್ಕಿತು: ಒಂದು ನ್ಯೂಟ್ರೋಫಿಲ್‌ನ ಹೊಟ್ಟೆಯೊಳಗೆ, ಸೊಟ್ಟಗೆ ನೂಕಿದ ಚೌಕದಂಥ ಪುಟ್ಟ ಹರಳು. ಪಕ್ಕದ ಕಣದಲ್ಲಿ ಮೊಂಡು ತುದಿಯ ಚಿಕ್ಕ ಕಡ್ಡಿ. ಆಮೇಲೆ ಹಾಳೆ, ಟೇಪಿನ ಪಟ್ಟಿ ಎರಡನ್ನೂ ಇಟ್ಟು, ಪಟ್ಟಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗಿಸಿದಾಗ ಅದು ನೀಲಿಯಾಯಿತು. ಯೂರೇಟ್ ಆಗಿದ್ದರೆ ಹಳದಿಯಾಗಬೇಕಿತ್ತು. ಇಡೀ ಗಾಜಿನಲ್ಲಿ ಒಂದೇ ಒಂದು ಸೂಜಿ ಹರಳು ಇರಲಿಲ್ಲ. ಗಾಜನ್ನು ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಕಳಿಸಿದೆ, ಅವರೂ ಅದನ್ನೇ ಹೇಳಿದರು. ಕ್ಯಾಲ್ಸಿಯಂ ಪೈರೋಫಾಸ್ಫೇಟ್.

1961-62ರಲ್ಲಿ ಅಮೆರಿಕದ ಡೇನಿಯಲ್ ಮೆಕಾರ್ಟಿ ಮತ್ತು ಜೊತೆಗಾರರು ಇದೇ ರೀತಿ ಪೋಲರೈಸ್ ಮಾಡಿದ ಬೆಳಕಿನಲ್ಲಿ ಕೀಲಿನ ನೀರು ನೋಡುತ್ತಿದ್ದರು. ಅವರು ಹುಡುಕುತ್ತಿದ್ದುದು ಗೌಟಿನ ಹರಳು. ಕೆಲವು ರೋಗಿಗಳ ಹರಳು ಯೂರೇಟನ್ನು ಕರಗಿಸುವ ಕಿಣ್ವಕ್ಕೆ ಕರಗಲಿಲ್ಲ. ಕಾಯಿಲೆ ನೋಡಲು ಗೌಟೇ, ಹರಳು ಮಾತ್ರ ಬೇರೆ. ಅದಕ್ಕೇ ಸ್ಯೂಡೋಗೌಟ್, ಅಂದರೆ ಗೌಟಿನ ವೇಷ ಹಾಕಿ ಬಂದದ್ದು, ಎಂದು ಹೆಸರಿಟ್ಟರು. ಆ ತಂಡದ ಶ್ರದ್ಧೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಹರಳೇ ಉರಿ ಎಬ್ಬಿಸುತ್ತದೆ ಎಂದು ಸಾಧಿಸಲು ಮೆಕಾರ್ಟಿ ಮತ್ತು ಫೇರ್ಸ್ ಯೂರೇಟ್ ಹರಳನ್ನು ತಮ್ಮ ಮಂಡಿಗೇ ಚುಚ್ಚಿಕೊಂಡು ನೋವು ಅನುಭವಿಸಿ ಬರೆದಿಟ್ಟರು. ಅದೇ ಕಾಲದಲ್ಲಿ ಚೆಕೊಸ್ಲೊವಾಕಿಯಾದ ಜಿಟ್ನಾನ್ ಮತ್ತು ಸಿತಾಜ್ ಎಂಬ ವೈದ್ಯರು ಎಕ್ಸ್‌ರೇ ಮೂಲಕ ಇದೇ ಕಾಯಿಲೆಯನ್ನು ಕೆಲವು ಕುಟುಂಬಗಳಲ್ಲಿ ಗುರುತಿಸಿದ್ದರು. ಅವರು ಕಂಡದ್ದು ಮೃದ್ವಸ್ಥಿಯಲ್ಲಿ ಸುಣ್ಣದ ಗೆರೆ.

ಆ ಗೆರೆ ನಮ್ಮ ಕೈಯಲ್ಲೇ ಇತ್ತು.

ಸಂಜೆ ಪ್ಲಾಸ್ಟಿಕ್ ಕವರು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಮೂರು ವರ್ಷದ ಚೀಟಿಗಳು, ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ವರ್ಷದ ಹಿಂದಿನ ಮಂಡಿ ಎಕ್ಸ್‌ರೇ ಒಂದಿತ್ತು. ವರದಿಯಲ್ಲಿ 'ವಯೋಸಹಜ ಸವೆತ' ಎಂದು ಮಾತ್ರ ಬರೆದಿದ್ದರು. ಫಿಲಂ ಕಿಟಕಿಗೆ ಹಿಡಿದರೆ ತೊಡೆಮೂಳೆ ಮತ್ತು ಕಣಕಾಲು ಮೂಳೆಯ ನಡುವಿನ ಖಾಲಿ ಜಾಗದಲ್ಲಿ, ಮೂಳೆಗೆ ತಾಗದೆ, ಪೆನ್ಸಿಲಿನಿಂದ ಎಳೆದ ಹಾಗೆ ತೆಳ್ಳಗಿನ ಬಿಳಿ ಗೆರೆ. ಆ ಜಾಗ ಎಕ್ಸ್‌ರೇಯಲ್ಲಿ ಕಪ್ಪಾಗಿರಬೇಕು. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಕಂಡರೆ ಅದರಲ್ಲಿ ಸುಣ್ಣ ಕೂತಿದೆ. ಹೊಸ ಎಕ್ಸ್‌ರೇಯಲ್ಲಿ ಎರಡೂ ಮಂಡಿಯಲ್ಲಿ ಗೆರೆ ಇತ್ತು, ಮಣಿಕಟ್ಟಿನ ಕಿರುಬೆರಳ ಬದಿಯ ತ್ರಿಕೋನ ಮೃದ್ವಸ್ಥಿಯಲ್ಲೂ ಇತ್ತು. ಹಿಂದಿನ ವರ್ಷ ಆಕೆಗೆ ಮಣಿಕಟ್ಟು ಊದಿಕೊಂಡಿತ್ತು. ಆಗ 'ಉಳುಕಿದೆ' ಎಂದು ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ್ದರು.

ಇನ್ನೊಂದು ಚೀಟಿ: ಯೂರಿಕ್ ಆಸಿಡ್ 7.4. ಅದರ ಮೇಲೆ ಕೆಂಪು ಪೆನ್ನಿನ ಸುತ್ತು. ಅದನ್ನು ಇಳಿಸುವ ಫೆಬುಕ್ಸೋಸ್ಟಾಟ್ ಮಾತ್ರೆ ಶುರುವಾದದ್ದು ಅಲ್ಲಿಂದ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿರುವ ಬಹುಪಾಲು ಜನರಿಗೆ ಜೀವಮಾನದಲ್ಲಿ ಒಮ್ಮೆಯೂ ಗೌಟ್ ಬರುವುದಿಲ್ಲ. ಹೆಚ್ಚಿದೆ ಎಂಬ ಮಾತ್ರಕ್ಕೆ ಊದಿದ ಕೀಲಿಗೆ ಅದೇ ಕಾರಣ ಎನ್ನಲಾಗದು. ಮತ್ತೆ ಹೆಚ್ಚಿದ್ದಾದರೂ ಯಾಕೆ? ಅದರ ಕೆಳಗಿನ ಚೀಟಿಯಲ್ಲಿ ಉತ್ತರವಿತ್ತು. ಬಿ.ಪಿ.ಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ. ಮೂತ್ರ ಹೆಚ್ಚಿಸುವ ಈ ಔಷಧ ಯೂರಿಕ್ ಆಸಿಡನ್ನು ಏರಿಸುತ್ತದೆ. ಚೀಟಿಯಲ್ಲಿದ್ದುದು ನನ್ನದೇ ಅಕ್ಷರ. ಮೂರು ವರ್ಷದ ಹಿಂದೆ ಆ ಮಾತ್ರೆ ಬರೆದವನು ನಾನು. ಬಿ.ಪಿ. ಹತೋಟಿಗೆ ಬಂತು ಎಂದು ಸಮಾಧಾನಪಟ್ಟು ಅಲ್ಲಿಗೇ ಬಿಟ್ಟಿದ್ದೆ. ಆ ಮಾತ್ರೆ ಏರಿಸಿದ ಅಂಕಿಯನ್ನು ಹಿಡಿದು ಇನ್ನೊಂದು ಕಡೆ ಗೌಟ್ ಎಂದು ಹೆಸರಿಟ್ಟರು, ಆಕೆ ಎರಡು ವರ್ಷ ಬೇಳೆ ಸಾರು ಬಿಟ್ಟರು. ಮರುದಿನ ಬೆಳಗ್ಗೆ ಆಕೆಯ ಹಾಸಿಗೆಯ ಪಕ್ಕ ಕೂತು ಇದನ್ನು ಹಾಗೆಯೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಇವತ್ತು ಬೇಳೆ ತಿನ್ಬಹುದಾ?" ಎಂದರು.

ತಿನ್ನಬಹುದು. ಈ ಹರಳಿಗೂ ಬೇಳೆಗೂ ಟೊಮೆಟೊಗೂ ಸಂಬಂಧವಿಲ್ಲ.

"ಎಲೆಗೆ ಹಚ್ಚೋ ಸುಣ್ಣ?" ಇದು ಎರಡನೇ ಪ್ರಶ್ನೆ. ಆಕೆ ದಿನಕ್ಕೆ ಆರೇಳು ಸಲ ಕವಳ ಹಾಕುತ್ತಾರೆ. ಮಂಡಿಯಲ್ಲಿ ಸುಣ್ಣ ಕೂತಿದೆ ಎಂದ ಕೂಡಲೇ ಆ ಸುಣ್ಣದ ಡಬ್ಬಿ ನೆನಪಾಗುವುದು ಸಹಜವೇ. ಕವಳ ಬಿಡಿ ಎಂದು ಹೇಳಲು ನನಗೆ ಬೇರೆ ಕಾರಣ ಸಾಕಷ್ಟಿವೆ, ಬಾಯಿ ಕ್ಯಾನ್ಸರಿನ ಭಯ ಅದರಲ್ಲಿ ದೊಡ್ಡದು. ಆದರೆ ಮಂಡಿಯ ಹರಳಿಗೆ ಆ ಸುಣ್ಣ ಕಾರಣವಲ್ಲ. ಹಾಲು, ರಾಗಿಯೂ ಕಾರಣವಲ್ಲ. ಹರಳು ಹುಟ್ಟುವುದು ಮೃದ್ವಸ್ಥಿಯ ಒಳಗೇ. ಅಲ್ಲಿನ ಜೀವಕೋಶಗಳು ಶಕ್ತಿಗಾಗಿ ಬಳಸುವ ಎಟಿಪಿಯನ್ನು ಒಂದು ಕಿಣ್ವ ಹೊರಗಡೆ ಒಡೆದಾಗ ಪೈರೋಫಾಸ್ಫೇಟ್ ಬಿಡುಗಡೆಯಾಗುತ್ತದೆ. ಸಾಮಾನ್ಯವಾಗಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಚೂರು ಮಾಡಿ ಮುಗಿಸುತ್ತದೆ, ಅದಕ್ಕೆ ಮೆಗ್ನೀಸಿಯಂ ಬೇಕು. ಪೈರೋಫಾಸ್ಫೇಟ್ ಹೆಚ್ಚಾದರೆ, ಚೂರು ಮಾಡುವ ಕೆಲಸ ನಿಧಾನವಾದರೆ, ಇಲ್ಲವೇ ಸುತ್ತ ಕ್ಯಾಲ್ಸಿಯಂ ಜಾಸ್ತಿಯಾದರೆ ಎರಡೂ ಕೂಡಿ ಹರಳುಗಟ್ಟುತ್ತವೆ. ವಯಸ್ಸಾದ ಹಾಗೆ ಇದು ಹೆಚ್ಚು. ಎಪ್ಪತ್ತು, ಎಂಬತ್ತು ದಾಟಿದ ಎಷ್ಟೋ ಜನರ ಮಂಡಿಯಲ್ಲಿ ಈ ಗೆರೆ ಯಾವ ತೊಂದರೆಯೂ ಕೊಡದೆ ಇರುತ್ತದೆ.

ತೊಂದರೆ ಶುರುವಾಗುವುದು ಹರಳು ಉದುರಿದಾಗ. ಬಯಲುಸೀಮೆಯ ಗಡಸು ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟಿರುವುದನ್ನು ನೋಡಿರುತ್ತೀರಿ. ವರ್ಷಗಟ್ಟಲೆ ಅಂಟಿಕೊಂಡೇ ಇರುತ್ತದೆ. ಒಂದು ದಿನ ಚಕ್ಕೆ ಎದ್ದು ನೀರಿಗೆ ಬೀಳುತ್ತದೆ. ಮೃದ್ವಸ್ಥಿಯಿಂದ ಹರಳು ಕೀಲಿನ ನೀರಿಗೆ ಬಿದ್ದಾಗ ಬಿಳಿಕಣಗಳು ಅದನ್ನು ಬ್ಯಾಕ್ಟೀರಿಯಾ ಎಂಬಂತೆ ನುಂಗುತ್ತವೆ. ಕಣದೊಳಗಿನ ಎಚ್ಚರಿಕೆ ಗಂಟೆ ಬಾರಿಸಿದಂತಾಗಿ ಇಂಟರ್ಲೂಕಿನ್-1 ಬೀಟಾ ಎಂಬ ಪ್ರೋಟೀನು ಹೊರಬೀಳುತ್ತದೆ. ಊತ, ಬಿಸಿ, ಜ್ವರ ಎಲ್ಲವೂ ಅದರದ್ದೇ ಕೆಲಸ. ಚಕ್ಕೆ ಏಳಲು ನೆಪ ಬೇಕು: ದೊಡ್ಡ ಕಾಯಿಲೆ, ಆಪರೇಷನ್, ಪೆಟ್ಟು, ರಕ್ತದ ಕ್ಯಾಲ್ಸಿಯಂ ದಿಢೀರನೆ ಇಳಿಯುವುದು. ಈಕೆಗೆ ಹಿಂದಿನ ವಾರ ವಾಂತಿಭೇದಿಯಾಗಿ ಎರಡು ದಿನ ಡ್ರಿಪ್ ಹಾಕಿಸಿದ್ದರು. ಆಕೆ ಇದನ್ನು ಹೇಳಿದ್ದು ಕೇಳಿದ ಮೇಲೆ. ಮಂಡಿಗೂ ಹೊಟ್ಟೆಗೂ ಏನು ಸಂಬಂಧ ಎಂದು ಬಿಟ್ಟಿದ್ದರು.

ಚಿಕಿತ್ಸೆ ಸುಲಭವಾಗಿತ್ತು. ಮಂಡಿಯ ಮೇಲೆ ಐಸ್, ಎರಡು ದಿನ ವಿಶ್ರಾಂತಿ. ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ತುಸು ಹೆಚ್ಚು, 1.2 ಇದ್ದುದರಿಂದ ಮಾಮೂಲಿ ನೋವಿನ ಮಾತ್ರೆ ಕೊಡಲಿಲ್ಲ. ಕಾಲ್ಚಿಸಿನ್ 0.5 ಮಿಲಿಗ್ರಾಂ ದಿನಕ್ಕೆರಡು. ಕಾಲ್ಚಿಸಿನ್ ಹೆಸರು ಕೇಳಿದಾಗ ನನಗೆ ಗೌರಿ ಹೂವು ಕಣ್ಣ ಮುಂದೆ ಬರುತ್ತದೆ. ಮಳೆಗಾಲದಲ್ಲಿ ಬೇಲಿಗೆ ಹಬ್ಬಿ ಬೆಂಕಿಯ ನಾಲಗೆಯಂತೆ ಅರಳುವ ಆ ಬಳ್ಳಿಯ ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಅದನ್ನು ಬೆಳೆಯುತ್ತಾರೆ. ಹಾಗೆಂದು ಯಾರೂ ಗೆಡ್ಡೆ ಅರೆದು ಕುಡಿಯಬಾರದು, ಅದು ಕೊಲ್ಲುವ ವಿಷ. ಮಾತ್ರೆಯನ್ನೂ ಹೇಳಿದಷ್ಟೇ ನುಂಗಬೇಕು. ಕಿಡ್ನಿ ಸೊರಗಿದವರಿಗೆ, ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಜೊತೆ ತೆಗೆದುಕೊಂಡವರಿಗೆ ಅದು ಅಪಾಯ ತರುತ್ತದೆ. ಈಕೆಗೆ ಮೂರನೇ ದಿನ ಭೇದಿ ಶುರುವಾಯಿತು, ನಿಲ್ಲಿಸಿದೆ. ಅಷ್ಟರಲ್ಲಿ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಎಂಬ ವರದಿ ಬಂದಿತ್ತು. ಧೈರ್ಯವಾಗಿ ಮಂಡಿಯೊಳಕ್ಕೇ ಸ್ಟೀರಾಯ್ಡ್ ಚುಚ್ಚಿದೆ. ಸೋಂಕು ಇಲ್ಲವೆಂದು ಖಾತ್ರಿಯಾಗುವ ಮೊದಲು ಇದನ್ನು ಮಾಡಬಾರದು. ನಾಲ್ಕನೇ ದಿನ ಆಕೆ ಗೋಡೆ ಹಿಡಿದು ಬಚ್ಚಲಿಗೆ ನಡೆದರು.

ಫ್ರಾನ್ಸಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು 65 ದಾಟಿದವರಲ್ಲಿ ಕಾಲ್ಚಿಸಿನ್ ಮತ್ತು ಎರಡು ದಿನದ ಸ್ಟೀರಾಯ್ಡ್ ಮಾತ್ರೆಯನ್ನು ಹೋಲಿಸಿತ್ತು. 24 ಗಂಟೆಯಲ್ಲಿ ನೋವು ಇಳಿದದ್ದು ಎರಡರಲ್ಲೂ ಒಂದೇ, ಭೇದಿ ಕಾಲ್ಚಿಸಿನ್‌ನಲ್ಲಿ ಹೆಚ್ಚು. ವಯಸ್ಸಾದವರಿಗೆ ನಾನೀಗ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಸ್ಟೀರಾಯ್ಡನ್ನೇ ಮೊದಲು ಯೋಚಿಸುತ್ತೇನೆ. ಹರಳನ್ನು ಕರಗಿಸುವ ಔಷಧ ಮಾತ್ರ ಇಂದಿಗೂ ಇಲ್ಲ. ಯೂರಿಕ್ ಆಸಿಡ್ ಇಳಿಸುವ ಮಾತ್ರೆಯಂತೂ ಇಲ್ಲಿ ಏನೂ ಮಾಡದು.

ಮನೆಗೆ ಕಳಿಸುವ ಹೊತ್ತಿಗೆ ಎಲ್ಲರೂ ಸಂತೋಷವಾಗಿದ್ದರು. ನನಗೆ ಮಾತ್ರ 54 ಎಂಬ ಅಂಕಿ ಚುಚ್ಚುತ್ತಿತ್ತು. ಎಪ್ಪತ್ತೈದರ ಅಜ್ಜಿಗೆ ಈ ಹರಳು ಬಂದರೆ ವಯಸ್ಸು ಎನ್ನಬಹುದು. ಅರವತ್ತರೊಳಗೆ, ಅದೂ ನಾಲ್ಕಾರು ಕೀಲಿನಲ್ಲಿ ಬಂದರೆ ಹಿಂದೆ ಇನ್ನೇನೋ ಇದೆ ಎಂದು ಹುಡುಕಬೇಕು. ಹುಡುಕಬೇಕಾದವು ಹೆಚ್ಚೇನಿಲ್ಲ: ಮೆಗ್ನೀಸಿಯಂ ಕೊರತೆ, ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಕಾಯಿಲೆ, ಆಲ್ಕಲೈನ್ ಫಾಸ್ಫಟೇಸ್ ಹುಟ್ಟಿನಿಂದಲೇ ಕಡಿಮೆ ಇರುವುದು, ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದು, ಮತ್ತೆ ಅಪರೂಪಕ್ಕೆ ಮನೆತನದಲ್ಲೇ ಬರುವುದು. ಕಳಿಸುವ ದಿನ ತೆಗೆದ ರಕ್ತದಲ್ಲಿ ಮೆಗ್ನೀಸಿಯಂ, ಕಬ್ಬಿಣ ಎರಡೂ ಸರಿ ಇದ್ದವು. ಕ್ಯಾಲ್ಸಿಯಂ 11.6. ಇರಬೇಕಾದದ್ದು ಸುಮಾರು 8.5ರಿಂದ 10.5. ಫಾಸ್ಫರಸ್ ಕಡಿಮೆ, 2.3.

ಅವತ್ತು ಸಂಜೆ ಫೋನ್ ಮಾಡಿ ಕೇಳಿದೆ, ಕಿಡ್ನಿ ಕಲ್ಲು ಆಗಿತ್ತಾ? ಎರಡು ಸಲ, ಎಂಟು ವರ್ಷದಲ್ಲಿ. ಬಾಳೆದಿಂಡಿನ ರಸ ಕುಡಿದು ಒಂದು ಬಿದ್ದು ಹೋಯಿತಂತೆ. ಮಲಬದ್ಧತೆ? ವರ್ಷಗಳಿಂದ. ಸುಸ್ತು? "ಈ ವಯಸ್ಸಿಗೆ ಇರ್ತದಲ್ಲ ಡಾಕ್ಟ್ರೇ." ಮಂಡಿನೋವಿಗೆಂದು ಯಾರೋ ಬರೆದ ಕ್ಯಾಲ್ಸಿಯಂ ಮಾತ್ರೆಯೂ ನಡೆಯುತ್ತಿತ್ತು. ಅದನ್ನು ನಿಲ್ಲಿಸಿದೆ. ನಾನು ಬರೆದಿದ್ದ ಥಯಾಜೈಡ್ ಕೂಡ ಕ್ಯಾಲ್ಸಿಯಂ ಏರಿಸುವ ಔಷಧ, ಹಾಗಾಗಿ ಬರೀ ಟೆಲ್ಮಿಸಾರ್ಟನ್‌ಗೆ ಬದಲಿಸಿ ಆರು ವಾರ ಬಿಟ್ಟು ಮತ್ತೆ ನೋಡಿದೆ. ಯೂರಿಕ್ ಆಸಿಡ್ 6.0ಕ್ಕೆ ಇಳಿದಿತ್ತು, ಫೆಬುಕ್ಸೋಸ್ಟಾಟ್ ನಿಲ್ಲಿಸಿದ ಮೇಲೂ. ಕ್ಯಾಲ್ಸಿಯಂ ಮಾತ್ರ ಇಳಿಯಲಿಲ್ಲ, 11.4. ಪ್ಯಾರಾಥೈರಾಯ್ಡ್ ಹಾರ್ಮೋನ್ 236, ಇರಬೇಕಾದದ್ದು 65ರೊಳಗೆ. ರಕ್ತದಲ್ಲಿ ಕ್ಯಾಲ್ಸಿಯಂ ಇಷ್ಟು ಏರಿದಾಗ ಈ ಹಾರ್ಮೋನ್ ತಗ್ಗಿ ಕೂರಬೇಕಿತ್ತು. 24 ಗಂಟೆಯ ಮೂತ್ರದಲ್ಲೂ ಕ್ಯಾಲ್ಸಿಯಂ ಹೆಚ್ಚಿತ್ತು. ಕುತ್ತಿಗೆಯ ಸ್ಕ್ಯಾನಿನಲ್ಲಿ ಎಡಗಡೆ ಕೆಳಗಿನ ಗ್ರಂಥಿ ಉಬ್ಬಿ ಕಂಡಿತು.

ಈ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಥೈರಾಯ್ಡ್ ಹಿಂದೆ ಅವಿತಿರುವ ಬೇಳೆಕಾಳಿನಷ್ಟು ದೊಡ್ಡವು. ಮನುಷ್ಯನಲ್ಲಿ ಇವನ್ನು ವಿವರಿಸಿದ್ದು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರಾಮ್, 1880ರಲ್ಲಿ. ಅದಕ್ಕೂ ಮೊದಲೇ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ಕೊಯ್ದು ನೋಡಿದ ರಿಚರ್ಡ್ ಓವನ್ ಇದನ್ನು ಗುರುತಿಸಿ ಬರೆದಿದ್ದರು. ಅಷ್ಟು ಚಿಕ್ಕ ಗ್ರಂಥಿ ಇಡೀ ದೇಹದ ಕ್ಯಾಲ್ಸಿಯಂ ಲೆಕ್ಕ ನೋಡಿಕೊಳ್ಳುತ್ತದೆ. ಒಂದರಲ್ಲಿ ಗಂಟು ಬೆಳೆದರೆ ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತಲೇ ಇರುತ್ತದೆ. ಕಿಡ್ನಿಯ ಕಲ್ಲು, ಸವೆದ ಮೂಳೆ, ಸುಸ್ತು, ಮಲಬದ್ಧತೆ, ಮಂಡಿಯ ಹರಳು: ಎಂಟು ವರ್ಷ ಬೇರೆ ಬೇರೆ ಬಾಗಿಲಿಗೆ ತೋರಿಸಿಕೊಂಡ ಈ ಎಲ್ಲ ತೊಂದರೆಯ ಬೇರು ಕುತ್ತಿಗೆಯಲ್ಲಿತ್ತು. ಎಲ್ಲ ಚೀಟಿ ಒಂದೇ ಕವರಿನಲ್ಲಿ ಇದ್ದರೂ ನಾವ್ಯಾರೂ ಒಟ್ಟಿಗೆ ಹರಡಿ ನೋಡಿರಲಿಲ್ಲ.

ಕಿಡ್ನಿ ಕಲ್ಲು ಆಗಿದೆ, ಮುಂಗೈ ಮೂಳೆಯ ಸಾಂದ್ರತೆ ಕುಸಿದಿದೆ. ಆಪರೇಷನ್ ಬೇಕೇ ಬೇಕು. ಮಾರ್ಚಿನಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿದೆ. ಕಳಿಸುವಾಗ ಒಂದು ಮಾತು ಹೇಳಿ ಚೀಟಿ ಬರೆದುಕೊಟ್ಟೆ. ಗಂಟು ತೆಗೆದ ಮೇಲೆ ಹಸಿದ ಮೂಳೆಗಳು ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ, ರಕ್ತದಲ್ಲಿ ಅದು ಸರ್ರನೆ ಇಳಿಯುತ್ತದೆ. ಇಳಿದಾಗ ಮೃದ್ವಸ್ಥಿಯಲ್ಲಿ ಕೂತ ಹರಳಿನ ಅಂಚು ಕರಗಿ, ಬುಡ ಸಡಿಲವಾಗಿ, ಚಕ್ಕೆ ಏಳುತ್ತದೆ. ಚೀಟಿಯಲ್ಲಿ ಹೀಗೆ ಬರೆದಿದ್ದೆ: 'ಆಪರೇಷನ್ ಆದ ಎರಡು ಮೂರು ದಿನದಲ್ಲಿ ಮಂಡಿ ಅಥವಾ ಮಣಿಕಟ್ಟು ಊದಬಹುದು. ದಯವಿಟ್ಟು ನೀರು ತೆಗೆದು ಹರಳಿಗೂ ಕಲ್ಚರ್‌ಗೂ ಕಳಿಸಿ.'

ಆಕೆ ಅದನ್ನು ಮಡಚಿ ಕವಳದ ಸಂಚಿಯೊಳಗೆ ಇಟ್ಟುಕೊಂಡರು.

ತೆಗೆದ ಗಂಟು 1.4 ಗ್ರಾಂ ತೂಗಿತು. ಸಾಮಾನ್ಯ ಗ್ರಂಥಿಯ ತೂಕ 50 ಮಿಲಿಗ್ರಾಂ ದಾಟುವುದು ಕಡಿಮೆ. ಹಾರ್ಮೋನ್ ಆಪರೇಷನ್ ಟೇಬಲಿನ ಮೇಲೇ 28ಕ್ಕೆ ಇಳಿಯಿತು. ಮೂರನೇ ದಿನ ಬೆಳಗ್ಗೆ ತುಟಿಯ ಸುತ್ತ ಜುಮುಜುಮು ಎನ್ನತೊಡಗಿತು. ಕ್ಯಾಲ್ಸಿಯಂ 7.9. ಮಧ್ಯಾಹ್ನಕ್ಕೆ ಎಡಮಂಡಿ ಊದಿತು, ಜ್ವರ ಬಂತು. ಆಪರೇಷನ್ ಆದ ರೋಗಿಗೆ ಜ್ವರ, ಊದಿದ ಕೀಲು ಎಂದರೆ ಸೋಂಕು ಎಂದು ಯೋಚಿಸಬೇಕಾದದ್ದೇ. ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು ಆಂಟಿಬಯೋಟಿಕ್ ಬರೆಯಲು ಕೂತಿದ್ದರು. ಆಕೆ ಸೊಸೆಗೆ ಹೇಳಿ ಸಂಚಿ ತರಿಸಿ, ಸುಣ್ಣದ ಕಲೆಯಾಗಿದ್ದ ಆ ಚೀಟಿ ಬಿಡಿಸಿ ಕೈಗೆ ಕೊಟ್ಟರಂತೆ. ವೈದ್ಯರು ಓದಿ, ಆಂಟಿಬಯೋಟಿಕ್ ತಡೆಹಿಡಿದು, ತಾವೇ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರಾತ್ರಿ ನನಗೆ ಫೋನ್ ಮಾಡಿದರು. ಅದೇ ಮೊಂಡು ಹರಳು. ಕಲ್ಚರ್‌ಗೂ ಕಳಿಸಿದ್ದರು, ಯಾಕೆಂದರೆ ಹರಳು ಸಿಕ್ಕಿತು ಎಂದ ಮಾತ್ರಕ್ಕೆ ಸೋಂಕು ಇಲ್ಲ ಎನ್ನಲಾಗದು. ಎರಡೂ ಒಂದೇ ಕೀಲಿನಲ್ಲಿ ಕೂಡಿ ಬರುವುದುಂಟು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಕ್ಯಾಲ್ಸಿಯಂ ಡ್ರಿಪ್, ಮೂರು ದಿನ ಸ್ಟೀರಾಯ್ಡ್ ಮಾತ್ರೆ, ಅಷ್ಟರಲ್ಲಿ ಊತ ಇಳಿಯಿತು.

ಕ್ಯಾಲ್ಸಿಯಂ ಹರಳುಗಳಲ್ಲಿ ಇನ್ನೊಂದು ಜಾತಿಯಿದೆ. ಅದು ಹೈಡ್ರಾಕ್ಸಿಅಪಟೈಟ್ ಗುಂಪಿನದು, ಮೂಳೆಯಲ್ಲಿರುವಂಥದ್ದೇ ವಸ್ತು. ಅದರ ಕಣ ಎಷ್ಟು ಸಣ್ಣದೆಂದರೆ ನಮ್ಮ ಸೂಕ್ಷ್ಮದರ್ಶಕಕ್ಕೂ ಪೋಲರೈಸ್ ಮಾಡಿದ ಬೆಳಕಿಗೂ ಸಿಗುವುದಿಲ್ಲ. ಅಲಿಜರಿನ್ ರೆಡ್ ಎಂಬ ಬಣ್ಣ ಹಾಕಿದರೆ ಗುಂಪು ಗುಂಪಾಗಿ ಕೆಂಪಗೆ ಕಾಣಬಹುದು. ಭುಜದ ಸ್ನಾಯುರಜ್ಜುವಿನಲ್ಲಿ ಅದು ಕೂತರೆ ತೋಳು ಎತ್ತಲಾಗದ ನೋವು. ಮುದುಕಿಯರ ಭುಜವನ್ನೇ ಹಾಳುಗೆಡಹುವ ಒಂದು ರೂಪವನ್ನು 1981ರಲ್ಲಿ ಇದೇ ಮೆಕಾರ್ಟಿಯವರ ತಂಡ ಮಿಲ್ವಾಕಿಯಲ್ಲಿ ವಿವರಿಸಿತು, ಆ ಊರಿನ ಹೆಸರೇ ಕಾಯಿಲೆಗೂ ನಿಂತಿತು. ಪೈರೋಫಾಸ್ಫೇಟ್ ಹರಳು ಕುತ್ತಿಗೆಯ ಎರಡನೇ ಕಶೇರುಖಂಡದ ಸುತ್ತ ಕೂತು, ಜ್ವರದ ಜೊತೆ ಕುತ್ತಿಗೆ ಸೆಟೆದು, ಮಿದುಳುಪೊರೆಯ ಸೋಂಕಿನ ಹಾಗೆ ಕಾಣಿಸಿಕೊಳ್ಳುವುದೂ ಉಂಟು. ನಾನು ಇನ್ನೂ ಅಂಥದ್ದನ್ನು ಕಂಡಿಲ್ಲ. ಕಂಡೂ ಗುರುತಿಸದೆ ಬಿಟ್ಟಿರಬಹುದು ಎಂಬ ಅಳುಕಿದೆ.

ಈಗ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಕ್ಯಾಲ್ಸಿಯಂ 9.4. ಕಿಡ್ನಿಯಲ್ಲಿ ಹೊಸ ಕಲ್ಲಿಲ್ಲ. ಮುಂಗೈ ಮೂಳೆಯ ಸಾಂದ್ರತೆ ತುಸು ಏರಿದೆ. ಕಳೆದ ಅಡಿಕೆ ಕೊಯ್ಲಿನಲ್ಲಿ ಮಣಿಕಟ್ಟು ಒಮ್ಮೆ ಊದಿಕೊಂಡಿತು. ಆಕೆ ಎಣ್ಣೆ ತಿಕ್ಕಿಸಿಕೊಳ್ಳಲಿಲ್ಲ, ಐಸ್ ಇಟ್ಟುಕೊಂಡು ಮರುದಿನವೇ ಬಂದರು, ಐದು ದಿನದಲ್ಲಿ ಸರಿಹೋಯಿತು. ಗಂಟು ತೆಗೆದರೂ ಕೂತ ಹರಳು ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಹೋದ ವಾರ ಮತ್ತೆ ಮಂಡಿ ಎಕ್ಸ್‌ರೇ ತೆಗೆಸಿದೆ. ಫಿಲಂ ಕಿಟಕಿಗೆ ಹಿಡಿದು ಬೆರಳಿಟ್ಟು ತೋರಿಸಿದೆ. ಗೆರೆ ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು.

"ಇರ್ಲಿ ಬಿಡಿ, ಇದ್ದಲ್ಲೇ ಇರ್ಲಿ" ಎಂದು ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಹಿತ್ತಲ ಬಸಳೆ.